ಪಕ್ಕದ ಮನೆಯ ಕ್ರಿಸ್‌ಮಸ್ಸು, ನಮ್ಮ ಮನೆಯ ಧನುರ್ಮಾಸ

ನಮ್ಮಮ್ಮನನ್ನು ಎಲ್ಲಿ ಕೂರಿಸಿದರೂ ಅಲ್ಲಿ ಏನಾದರೊಂದು ನಡೆಯುತ್ತದೆ. ಅವಳಾಗಿ ಏನೂ ಮಾಡುವುದಿಲ್ಲ, ಅದಾಗಿ ಆಗುತ್ತದೆ. ಎಂಬತ್ತರ ದಶಕದ ನಡುವೆ ನನ್ನ ಚೊಚ್ಚಲ ಬಾಣಂತನಕ್ಕೆಂದು ಮೈಸೂರಿನಿಂದ ಅಮೆರಿಕದ ಹೇವರ್ಡಿಗೆ ಬಂದಾಗಲೂ ಹಾಗೇ ಆಯಿತು.

ಬಂದ ಸ್ವಲ್ಪ ದಿನಕ್ಕೇ ಅವಳಿಗೆ ಬೇಸರ ಹತ್ತಿತು. ನನ್ನ ಗಂಡ ಬೆಳಿಗ್ಗೆಯೇ ಸೇತುವೆ ದಾಟಿ ಸ್ಯಾನ್ ಮಟಿಯೋದ ಆಫೀಸಿಗೆ ಹೋಗುತ್ತಿದ್ದರು. ನಾನು ಹೊಟ್ಟೆ ಹೊತ್ತುಕೊಂಡು ಬ್ಯಾಂಕಿನ ಕೆಲಸಕ್ಕೆ ಹೋಗುತ್ತಿದ್ದೆ. ಅಮ್ಮ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕೂತು ಪಾರ್ಕಿಂಗ್ ಲಾಟು ನೋಡುತ್ತಿದ್ದಳು. "ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ ಕಣೇ ಇಲ್ಲಿ. ಸಂಕ್ರಾಂತಿ ಹೊತ್ತಿಗೆ ನನ್ನ ಊರಿಗೆ ಕಳಿಸಿಬಿಡು. ಬಾಣಂತನಕ್ಕೆ ನಿಮ್ಮತ್ತೇನ ಕರೆಸ್ಕೋ" ಅಂದಳು. ಮಗು ಹುಟ್ಟಬೇಕಾದದ್ದು ಫೆಬ್ರವರಿ ಕೊನೆಗೆ. ನಮ್ಮತ್ತೆ ಒಳ್ಳೆಯವರೇ. ಆದರೆ ಬಾಣಂತಿ ಕೋಣೆಯಲ್ಲಿ ಅವರೂ ನಾನೂ ಇಬ್ಬರೇ ಅನ್ನುವುದನ್ನು ನೆನೆಸಿಕೊಂಡರೆ ನನಗೆ ಆಗಲೇ ನೋವು ಶುರುವಾಗುತ್ತಿತ್ತು. ಅಮ್ಮನನ್ನು ಹೇಗಾದರೂ ಮಾಡಿ ಉಳಿಸಿಕೊಳ್ಳಬೇಕಿತ್ತು. ಆ ಡಿಸೆಂಬರಿನಲ್ಲಿ ನನಗಿದ್ದ ಚಿಂತೆ ಅದೊಂದೇ.

ಸ್ನಾನ ಮಾಡಿದವರು

ಡಿಸೆಂಬರಿನ ನಡುವೆ ಧನುರ್ಮಾಸ ಬಂತು. ಸೂರ್ಯ ಹುಟ್ಟುವ ಮೊದಲೇ ಪೂಜೆ ಮುಗಿದು ಹುಗ್ಗಿ ನೈವೇದ್ಯ ಆಗಬೇಕು. ಅಮೆರಿಕದ ಸೂರ್ಯನಿಗೂ ಇದು ಅನ್ವಯಿಸುತ್ತದೆ ಎಂದು ಅಮ್ಮ ತೀರ್ಮಾನಿಸಿದಳು. ಮೊದಲನೆಯ ದಿನ ಕತ್ತಲಲ್ಲೇ ಎದ್ದು, ತಲೆಗೆ ನೀರು ಹಾಕಿಕೊಂಡು, ತುಪ್ಪ ಕಾಯಿಸಿ ಮೆಣಸು, ಜೀರಿಗೆ, ಇಂಗಿನ ಒಗ್ಗರಣೆ ಕೊಟ್ಟಳು. ಹೊಗೆ ಕಂಡ ಅಲಾರಮ್ಮು ಕಿರುಚಿಕೊಂಡಿತು. ಒಂದರ ಹಿಂದೆ ಒಂದು ಇಡೀ ಕಟ್ಟಡದ ಅಲಾರಮ್ಮುಗಳೆಲ್ಲ ದನಿಗೂಡಿಸಿದವು.

ಎಲ್ಲರೂ ಕೆಳಗಿಳಿದು ಪಾರ್ಕಿಂಗ್ ಲಾಟಿನಲ್ಲಿ ನಿಂತರು. ಕೆಲವರು ಕಂಬಳಿ ಹೊದ್ದಿದ್ದರು, ಕೆಲವರು ಅದನ್ನೂ ಹೊದ್ದಿರಲಿಲ್ಲ. ಒಂದು ಮನೆಯವರು ಮಾತ್ರ ಇಸ್ತ್ರಿ ಮಾಡಿದ ಬಟ್ಟೆ ಹಾಕಿ, ತಲೆ ಬಾಚಿ, ಬೂಟು ಹಾಕಿಕೊಂಡು ಬಂದರು. ಅವರು ನಮ್ಮ ಪಕ್ಕದ ಮನೆಯ ಫಿಲಿಪೀನ್ಸಿನವರು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಗಳು, ಅವಳ ತಾಯಿಯಾದ ಅಜ್ಜಿ. ಕ್ರಿಸ್‌ಮಸ್ಸಿಗೆ ಮೊದಲು ಒಂಬತ್ತು ದಿನ ಅವರು ಬೆಳಗಿನ ಜಾವವೇ ಚರ್ಚಿಗೆ ಹೋಗುತ್ತಾರಂತೆ, ಬಂದು ಅಕ್ಕಿ ಹಿಟ್ಟಿನ ಸಿಹಿ ತಿನ್ನುತ್ತಾರಂತೆ. ನರ್ಸು ಹೇಳಿದ್ದನ್ನು ನಾನು ಅಮ್ಮನಿಗೆ ಹೇಳಿದೆ. ಫೈರ್ ಇಂಜಿನ್ನಿನವರು ನಮ್ಮ ಮನೆ ಹೊಕ್ಕು ಹುಗ್ಗಿಯ ಪಾತ್ರೆಯನ್ನು ಟಾರ್ಚು ಹಾಕಿ ಪರೀಕ್ಷಿಸುತ್ತಿದ್ದರು. ನಾಚಿಕೆಯಿಂದ ತಲೆ ತಗ್ಗಿಸಿದರೆ ಹೊಟ್ಟೆ ಅಡ್ಡ ಬಂದು ನನಗೆ ನೆಲವೂ ಕಾಣುತ್ತಿರಲಿಲ್ಲ.

ಅಮ್ಮ ಮಾತ್ರ ಸಮಾಧಾನವಾಗಿ ಜನರನ್ನೆಲ್ಲ ಒಂದು ಸುತ್ತು ನೋಡಿ ಹೇಳಿದಳು: "ಇಷ್ಟು ಮನೇಲಿ ಎದ್ದು ಸ್ನಾನ ಮಾಡಿರೋರು ಅವರೂ ನಾವೂ ಇಬ್ಬರೇ ಕಣೇ. ನೀನೂ ಮಾಡಿಲ್ಲ ಅನ್ನು."

ಒಂದು ಕಟ್ಟು ಎಲೆ

ನೈವೇದ್ಯಕ್ಕೆ ಬಾಳೆ ಎಲೆ ಬೇಕೆಂದಳು. ಊರಲ್ಲಿ ವಿಯೆಟ್ನಾಮಿನವರದೊಂದು ಗ್ರೋಸರಿ ಇತ್ತು. ಅಲ್ಲಿ ಬಾಳೆ ಎಲೆ ಸಿಗುತ್ತಿತ್ತು, ಆದರೆ ಐಸಿನಲ್ಲಿಟ್ಟು ಹಲಗೆಯಂತಾದ ಎಲೆ. ಫಿಲಿಪೀನ್ಸಿನವರಿಗೆ ಆ ತಿಂಗಳು ತಿಂಡಿಗೆಲ್ಲ ಬಾಳೆ ಎಲೆಯೇ ಬೇಕು, ಹಾಗಾಗಿ ಪೆಟ್ಟಿಗೆಯಲ್ಲಿ ಒಂದೇ ಕಟ್ಟು ಉಳಿದಿತ್ತು. ಅಮ್ಮ ಅದರ ಒಂದು ತುದಿ ಹಿಡಿದಾಗ ಇನ್ನೊಂದು ತುದಿಯನ್ನು ಪಕ್ಕದ ಮನೆಯ ಅಜ್ಜಿ ಹಿಡಿದಿದ್ದರು.

ಗುರುತು ಸಿಕ್ಕಿದ ಕೂಡಲೇ ಇಬ್ಬರೂ ಕೈಬಿಟ್ಟರು. ಉಪಚಾರ ಶುರುವಾಯಿತು. ಅಮ್ಮ "ನೀವೇ ತಗೊಳ್ಳಿ" ಎಂದು ಕನ್ನಡದಲ್ಲಿ ಅಜ್ಜಿಯ ಬುಟ್ಟಿಗೆ ಹಾಕಿದಳು. ಅಜ್ಜಿ ಅವರ ಭಾಷೆಯಲ್ಲಿ ಅದನ್ನೇ ಹೇಳಿ ಅಮ್ಮನ ಬುಟ್ಟಿಗೆ ಹಾಕಿದರು. ಒಬ್ಬರು ಕೈಹಿಡಿದು ತಡೆಯುವುದು, ಇನ್ನೊಬ್ಬರು ತಲೆಯಾಡಿಸುವುದು. ನಾನು ಇಂಗ್ಲಿಷಿನಲ್ಲಿ ಬಗೆಹರಿಸಲು ಹೋದೆ, ಇಬ್ಬರೂ ನನ್ನನ್ನು ಪಕ್ಕಕ್ಕೆ ಸರಿಸಿದರು. ಅಷ್ಟರಲ್ಲಿ ಎಲೆಯ ಐಸು ಕರಗಿ ನೆಲದ ತುಂಬ ನೀರಾಯಿತು. ಅಂಗಡಿಯಾಕೆ ಕೊನೆಗೆ ಕತ್ತರಿ ತಂದು ಕಟ್ಟನ್ನು ಅರ್ಧ ಮಾಡಿ, ಇಬ್ಬರ ಕೈಗೂ ಇಟ್ಟು, ನೆಲ ಒರೆಸಲು ಹೋದಳು.

ಕಾರಿನಲ್ಲಿ ಬರುವಾಗ ಅಮ್ಮ ಖುಷಿಯಾಗಿದ್ದಳು. "ಆಯಮ್ಮನಿಗೆ ನಮ್ಮ ಭಾಷೆ ಒಂದಕ್ಷರ ಬರಲ್ಲ. ಆದ್ರೂ ಎಷ್ಟು ಉಪಚಾರ ನೋಡು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, ಕಾರು ಓಡಿಸುತ್ತಿದ್ದ ಅಳಿಯನಿಗೂ ಕೇಳುವಂತೆ, "ನಿಮ್ಮತ್ತೆಗೆ ಮೂರು ಭಾಷೆ ಬರುತ್ತೆ" ಅಂದಳು.

ಖಾಲಿ ಡಬ್ಬಿ

ಮಾರನೆಯ ದಿನ ಅಮ್ಮ ನಮ್ಮ ಸ್ಟೀಲಿನ ಡಬ್ಬಿಯಲ್ಲಿ ಹುಗ್ಗಿ ತುಂಬಿ ಪಕ್ಕದ ಮನೆಗೆ ಕೊಟ್ಟಳು. ಡಬ್ಬಿ ಸಂಜೆ ವಾಪಸ್ಸು ಬಂತು, ಜೊತೆಗೆ ಅವರದೂ ಒಂದು ತಟ್ಟೆ, ಎರಡರಲ್ಲೂ ಸುಮಾನ್ ಅನ್ನುವ ತಿಂಡಿ. ಅಂಟು ಅಕ್ಕಿಯನ್ನು ತೆಂಗಿನ ಹಾಲಲ್ಲಿ ಬೇಯಿಸಿ ಬಾಳೆ ಎಲೆಯಲ್ಲಿ ಸುತ್ತಿದ್ದು. ಬೇರೇನೂ ಹಾಕಿಲ್ಲವೆಂದು ನರ್ಸು ಆಣೆ ಮಾಡಿದ ಮೇಲೆ ಅಮ್ಮ ತಿಂದು, "ಎಲೆ ಕಡುಬೇ ಬಿಡು, ಉಪ್ಪು ಮುಂದಾಗಿದೆ" ಅಂದಳು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಹಾಗಾಗಿ ಈ ಸಲ ಡಬ್ಬಿಯ ಜೊತೆ ಅವರ ತಟ್ಟೆಯಲ್ಲೂ ಕೋಡುಬಳೆ ಹೋಯಿತು. ಬರಿದಾಗಿ ಹಿಂದಿರುಗಿಸಬಾರದು ಅನ್ನುವುದು ಅವರಲ್ಲೂ ಇತ್ತು. ಕ್ಯಾರಮೆಲ್ ಸುರಿದ ಮೊಟ್ಟೆಯ ಸಿಹಿ ಬಂತು. ಅದು ನನ್ನ ಗಂಡನ ಪಾಲಾಯಿತು. ತೇಂಗೊಳಲು ಹೋಯಿತು, ಮೊಟ್ಟೆ ಹಾಕಿದ ಅಕ್ಕಿ ಹಿಟ್ಟಿನ ಸಿಹಿ ಬಿಬಿಂಕಾ ಬಂತು. ಅದೂ ನನ್ನ ಗಂಡನ ಪಾಲೇ. ಎರಡು ಮನೆಯ ಒಲೆಗಳೂ ಆರುತ್ತಿರಲಿಲ್ಲ. ನನ್ನ ಗಂಡ ಬೆಲ್ಟಿಗೆ ಹೊಸ ತೂತು ಕೊರೆದುಕೊಂಡರು.

ಬಟ್ಟೆ ಒಗೆಯುವ ಲಾಂಡ್ರಿ ರೂಮಿನಲ್ಲಿ ನರ್ಸು ಸಿಕ್ಕಳು. "ನಮ್ಮಮ್ಮ ನಿದ್ದೆ ಮಾಡುತ್ತಿಲ್ಲ, ನಿಮ್ಮ ಡಬ್ಬಿಗೆ ನಾಳೆ ಏನು ಹಾಕುವುದು ಅಂತ ಯೋಚಿಸುತ್ತಾರೆ" ಅಂದಳು. ನಾನೂ ನಮ್ಮ ಕಥೆ ಹೇಳಿಕೊಂಡೆ. ಯಾರಾದರೊಬ್ಬರು ಮರ್ಯಾದೆ ಬಿಟ್ಟು ಖಾಲಿ ಪಾತ್ರೆ ಕೊಡದೆ ಇದು ನಿಲ್ಲುವುದಿಲ್ಲ ಎಂದು ಇಬ್ಬರೂ ಒಪ್ಪಿದೆವು. ಅಮ್ಮನ ಕಣ್ಣು ತಪ್ಪಿಸಿ ನಾನು ಅವರ ತಟ್ಟೆಯನ್ನು ತೊಳೆದು ಒರೆಸಿ ಅವರ ಬಾಗಿಲ ಮುಂದೆ ಇಡುವುದು, ಅವಳು ಸದ್ದಿಲ್ಲದೆ ಒಳಗೆ ತೆಗೆದುಕೊಳ್ಳುವುದು ಎಂದು ಮಾತಾಯಿತು. ನಾನು ಇಟ್ಟೆ. ಅವಳು ಬರುವ ಮೊದಲೇ ಅಜ್ಜಿ ಬಾಗಿಲು ತೆಗೆದರು.

ಸಂಜೆ ಅಜ್ಜಿ ನಮ್ಮ ಮನೆಗೆ ಬಂದರು. ತಳ್ಳುಗಾಡಿಯಲ್ಲಿ ಒಂದು ಮೂಟೆ ಅಕ್ಕಿ. ತಟ್ಟೆ ಖಾಲಿ ಬಂದಿದೆಯೆಂದರೆ ಈ ಮನೆಯಲ್ಲಿ ದಿನಸಿ ಮುಗಿದಿದೆ, ಹುಡುಗಿ ಬೇರೆ ಬಸುರಿ ಎಂದು ಅವರು ಲೆಕ್ಕ ಹಾಕಿದ್ದರು. ನನ್ನ ಹೊಟ್ಟೆ ಸವರಿ ಕಣ್ಣೀರು ತಂದುಕೊಂಡರು. ಸೋಫಾದ ಮೇಲೆ ಕೂತಿದ್ದ ನನ್ನ ಗಂಡನನ್ನು, ಕೆಲಸ ಕಳೆದುಕೊಂಡ ಗಂಡಸನ್ನು ನೋಡುವಂತೆ ನೋಡಿ, ಹೆಗಲು ತಟ್ಟಿ ಹೋದರು.

ಅಮ್ಮ ಬಹಳ ಹೊತ್ತು ಆ ಮೂಟೆಯನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಈಗ ಈ ಚೀಲಾನ ಏನು ತುಂಬಿ ವಾಪಸ್ಸು ಕೊಡೋದೇ?"

ಜೋಗುಳ

ಇಷ್ಟೆಲ್ಲ ಆದರೂ ಅಮ್ಮ ಟಿಕೆಟ್ಟಿನ ಮಾತು ಬಿಟ್ಟಿರಲಿಲ್ಲ. ಕ್ರಿಸ್‌ಮಸ್ ದಿನ ಮಧ್ಯಾಹ್ನ ಪಕ್ಕದ ಮನೆಯವರು ನಮ್ಮನ್ನು ಊಟಕ್ಕೆ ಕರೆದರು. ನರ್ಸಿಗೆ ಒಂದು ಇಕ್ಕಟ್ಟಿತ್ತು. ಅವರ ಹಬ್ಬದೂಟಕ್ಕೆ ಇಡಿಯಾಗಿ ಸುಟ್ಟ ಹಂದಿಮರಿ ಇರಲೇಬೇಕು, ಬರುವ ಮಾವಂದಿರು, ಚಿಕ್ಕಪ್ಪಂದಿರು ಅದಕ್ಕೆಂದೇ ಬರುತ್ತಾರೆ. ಇತ್ತ ನಾವು ಶಾಕಾಹಾರಿಗಳು. ಅಮ್ಮನ ಮನಸ್ಸಿಗೆ ನೋವಾಗಬಾರದೆಂದು ಅವಳು ಅದನ್ನು ಮೂಲೆಯ ಮೇಜಿನ ಮೇಲಿಟ್ಟು, ಲೇಸು ಹಾಕಿದ ಬಿಳಿ ಬಟ್ಟೆಯನ್ನು ಪೂರ್ತಿ ಹೊದಿಸಿದ್ದಳು. ಬಟ್ಟೆ ಜಾರದಂತೆ ಸುತ್ತಲೂ ಹೂವಿನ ಕುಂಡಗಳು. ಪಕ್ಕದಲ್ಲೇ ಅವರ ದೇವರ ಗೊಂಬೆಗಳು, ದೀಪ. ನನಗೆ ಬಾಗಿಲಲ್ಲೇ ಕಿವಿಯಲ್ಲಿ ವಿಷಯ ಹೇಳಿದಳು. ಅಮ್ಮನಿಗೆ ನಾನು ಹೇಳಿದ್ದು ಒಂದೇ, ಇವತ್ತು ಅವರ ದೇವರು ಹುಟ್ಟಿದ ದಿನ ಎಂದು.

ಅಮ್ಮ ನೆಟ್ಟಗೆ ಮೂಲೆಯ ಮೇಜಿನ ಹತ್ತಿರ ಹೋದಳು. ಬಿಳಿ ಬಟ್ಟೆ ಹೊದ್ದು ಮಲಗಿದ್ದ ಆಕಾರವನ್ನು ಪ್ರೀತಿಯಿಂದ ನೋಡಿದಳು. "ಕೂಸು ದಷ್ಟಪುಷ್ಟವಾಗಿದೆ" ಅಂದಳು. ನಾನು ತಡೆಯುವಷ್ಟರಲ್ಲಿ ಮನೆಯಿಂದ ತಂದಿದ್ದ ಅಕ್ಷತೆ ಹಾಕಿ, ಕುಂಕುಮ ಇಟ್ಟು, ಕಣ್ಣು ಮುಚ್ಚಿ, ಗೋಕುಲಾಷ್ಟಮಿಯಲ್ಲಿ ತೊಟ್ಟಿಲು ತೂಗುವಾಗ ಹಾಡುವ ಜೋಗುಳ ಶುರುಮಾಡಿದ್ದಳು. ಒಂದು ಕೈ ಮೇಜನ್ನು ಮೆಲ್ಲಗೆ ತೂಗುತ್ತಿತ್ತು.

ಮನೆ ತುಂಬ ಜನ. ಮಾವಂದಿರು ಟೋಪಿ ತೆಗೆದು ಕೈಕಟ್ಟಿ ನಿಂತರು. ಕೊಯ್ಯಲು ದೊಡ್ಡ ಚಾಕು ಹಿಡಿದು ಅಡುಗೆಮನೆಯಿಂದ ಬಂದವರೊಬ್ಬರು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ನನ್ನ ಗಂಡ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡರು. ಅಮ್ಮ ಒಂದು ನುಡಿಯನ್ನೂ ಬಿಡದೆ ಹಾಡಿದಳು. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಅಮ್ಮನನ್ನು ತಬ್ಬಿಕೊಂಡರು. ನಾವು ಶಾವಿಗೆಯಂಥದ್ದೇನೋ ತಿಂದು, ನಾನು ಸೊಂಟ ನೋವೆಂದು ಅಮ್ಮನನ್ನು ಎಬ್ಬಿಸಿಕೊಂಡು ಬರುವವರೆಗೂ ಆ ಬಟ್ಟೆಯನ್ನು ಯಾರೂ ಮುಟ್ಟಲಿಲ್ಲ. ನಾವು ಮನೆಯೊಳಗೆ ಕಾಲಿಟ್ಟ ಮೇಲೆ ಗೋಡೆಯಾಚೆ ದೊಡ್ಡ ಗದ್ದಲ ಕೇಳಿತು.

ಮಾರನೆಯ ದಿನ ಅಮ್ಮ ಕೇಳಿದಳು, "ಕೂಸನ್ನ ತೊಟ್ಟಿಲಿಗೆ ಹಾಕಿದ್ರಂತಾ?" ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿಬಿಟ್ಟೆ. ಅಮ್ಮ ಕುರ್ಚಿಯ ಮೇಲೆ ಕೂತಳು. ಇವತ್ತೇ ಪೆಟ್ಟಿಗೆ ಕಟ್ಟುತ್ತಾಳೆ, ನಮ್ಮತ್ತೆಯೇ ಗತಿ ಎಂದುಕೊಂಡೆ. ನಿಜವಾಗಿ ಹೆದರಿದ್ದೆ.

"ಅದನ್ನ ಮುಚ್ಚಿಟ್ಟಿದ್ದು ಯಾಕೆ?"

"ನಿನಗೆ ಬೇಜಾರಾಗಬಾರದು ಅಂತ."

"ನಾನು ಹಾಡಿ ಮುಗಿಸೋವರೆಗೂ ಅಷ್ಟು ಜನ ಹಸಿದುಕೊಂಡು ನಿಂತಿದ್ರಾ?"

"ಹೌದಮ್ಮ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಮೈಸೂರಲ್ಲಿ ನಾನು ಬಾಯಿ ತೆಗೆದ್ರೆ ನಿಮ್ಮಪ್ಪ ರೇಡಿಯೋ ಜೋರು ಮಾಡ್ತಾರೆ. ಇಂಥ ಜನಾನ ಬಿಟ್ಟು ಹೆಂಗೇ ಹೋಗೋದು? ಅಳಿಯಂದಿರಿಗೆ ಹೇಳು, ಟಿಕೆಟ್ಟು ಮುಂದಕ್ಕೆ ಹಾಕಿಸಲಿ" ಅಂದಳು. ನಾನು ಅಲ್ಲೇ ಕೂತು ಅತ್ತುಬಿಟ್ಟೆ, ಅಷ್ಟು ಸಮಾಧಾನವಾಗಿತ್ತು.

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಒಳಗಿನಿಂದಲೇ ಅವಳ ದನಿ ಬಂತು: "ವರಾಹಸ್ವಾಮಿಗೆ ಹಾಡಿದೆ ಅಂದ್ಕೊಂಡ್ರೆ ಆಯ್ತು, ಅವನೂ ವಿಷ್ಣುನೇ ತಾನೆ. ಆದ್ರೆ ಅವರಿಗೊಂದು ಮಾತು ತಿಳಿಸಿ ಹೇಳೇ. ದೇವರಿಗೆ ನೈವೇದ್ಯ ಬಡಿಸಬೇಕು, ದೇವರನ್ನೇ ಬಡಿಸಿಬಿಡಬಾರದು."