ಸ್ಟೋರ್ ರೂಮಿನಲ್ಲಿ ಕಮಿಷನರ್

ಹಿಂದಿನ ಬೀದಿಯ ದರ್ಜಿಯ ಮನೆಗೆ ಹಾಡಹಗಲೇ ಕಳ್ಳ ನುಗ್ಗಿದ ಸುದ್ದಿ ಕೇಳಿದ ಕೂಡಲೇ ನಾನು ಘೋಷಿಸಿಬಿಟ್ಟೆ: "ಇವತ್ತಿಂದ ಈ ಮನೆ ಪೊಲೀಸಿಂಗ್ ನಂದು!"

"ಹಾಗಂದ್ರೆ?" ಹೆಂಡತಿ ಬೀನ್ಸ್ ಮುರಿಯುತ್ತಾ ಕೇಳಿದಳು.

"ಕಾವಲು, ಕಾನೂನು, ಕಟ್ಟುನಿಟ್ಟು! ಹೆಸರು ಕೇಳಿದ್ರೆ ಗಡಗಡ ನಡುಗಬೇಕು!"

"ನಾನಾಗಲೇ ನಡುಗ್ತಿದೀನಲ್ರೀ. ಹಗಲೆಲ್ಲ ಒಬ್ಬಳೇ ಇರೋಳು."

ಅದನ್ನು ಕೇಳಿಸಿಕೊಳ್ಳಲು ಕಮಿಷನರಿಗೆ ಪುರಸೊತ್ತೆಲ್ಲಿ? ಆಫೀಸಿನಲ್ಲಿ ಸುತ್ತೋಲೆ ಬರೆದು ಪಳಗಿದ ಕೈ. ಮೂರು ನಿಯಮ ಬರೆದು ಗೋಡೆಗೆ ಅಂಟಿಸಿದೆ. ಹಿತ್ತಿಲ ಬಾಗಿಲಿಗೆ ದಾರ ಕಟ್ಟಿ ಪಾತ್ರೆ ತೂಗುಹಾಕುವುದು. ಒಲೆಯ ಮೇಲೆ ಸದಾ ಕುದಿನೀರು. ಗುರುತಿನ ಮಾತು ಹೇಳದವರಿಗೆ, ನನ್ನದೇ ದನಿ ಕೇಳಿದರೂ, ಬಾಗಿಲು ತೆರೆಯಕೂಡದು! ಆ ಮಾತನ್ನು ಅವಳೇ ಆರಿಸಿ ನನ್ನ ಕಿವಿಯಲ್ಲಿ ಹೇಳಿದಳು. ನಾನು ಮಾತ್ರ ದಿನಾ ಮುಂಬಾಗಿಲನ್ನು ನನ್ನ ಕೀಲಿಯಿಂದಲೇ ತೆರೆದು ಬರುತ್ತಿದ್ದೆ, ಅದನ್ನು ಹೇಳುವ ಗೋಜಿಗೇ ಹೋಗಲಿಲ್ಲ.

ನಾಲ್ಕನೇ ದಿನ ಅವಳ ಎಚ್ಚರ ಪರೀಕ್ಷಿಸಲು ಮಧ್ಯಾಹ್ನವೇ ಬಂದು ಹಿತ್ತಿಲ ಗೋಡೆ ಹಾರಿದೆ. ಕೀಲಿ ತಿರುಗಿಸಿ ಬಾಗಿಲು ತಳ್ಳಿದೆ. ದಾರ ಮರೆತೇ ಹೋಗಿತ್ತು! ಆರು ಪಾತ್ರೆ, ಒಂದು ಜರಡಿ, ಎಲ್ಲವೂ ನನ್ನ ತಲೆಯ ಮೇಲೆ! ಆ ಸದ್ದಿಗೆ ನಾನೇ ಬೆದರಿ ಜರಡಿಯ ಸಮೇತ ಸ್ಟೋರ್ ರೂಮಿಗೆ ನುಗ್ಗಿದೆ. ಹೊರಗಿನಿಂದ ಚಿಲಕ ಬಿತ್ತು.

"ಯಾರದು?" ಅವಳ ದನಿ ನಡುಗುತ್ತಿತ್ತು.

"ನಾನು ಕಣೇ!" ಇಲಿಯಂತೆ ಕೀಚಲು ದನಿ ಹೊರಟಿತು.

"ಗುರುತಿನ ಮಾತು?"

ಒಂದಕ್ಷರವೂ ನೆನಪಿಲ್ಲ! "ಕಾವಲು! ಕಟ್ಟುನಿಟ್ಟು! ಬೀನ್ಸ್!"

"ಅಯ್ಯಯ್ಯೋ, ನಮ್ಮನೆಯವರ ದನಿ ಬೇರೆ ಕಲ್ತು ಬಂದಿದಾನೆ! ಪೊಲೀಸರಿಗೆ ಫೋನ್ ಮಾಡಿದೀನಿ. ಅಲ್ಲಾಡಿದ್ರೆ ಕುದಿನೀರು ಸುರೀತೀನಿ!"

ಸ್ಟೂಲ್ ಎಳೆದ ಸದ್ದಾಯಿತು. ಬಾಗಿಲ ಮೇಲಿನ ಕಿಂಡಿಯಲ್ಲಿ ಹಬೆ ಕಾಣಿಸಿತು. ಮೂಲೆಯಲ್ಲಿ ಮುದುಡಿ, ಜರಡಿಯನ್ನೇ ತಲೆಗೆ ಅಡ್ಡ ಹಿಡಿದೆ. ಬಿಸಿನೀರಿಗೆ ಜರಡಿ! ಬುದ್ಧಿ ಅಷ್ಟರಮಟ್ಟಿಗೆ ಕೈಕೊಟ್ಟಿತ್ತು.

ಅರ್ಧ ಗಂಟೆಯ ಮೇಲೆ ಮುಂಬಾಗಿಲ ಬೆಲ್ ಆಯಿತು.

"ಯಾರು? ಗುರುತಿನ ಮಾತು ಹೇಳಿ!" ಎಂದು ಅಳುತ್ತಲೇ ಕೂಗಿದಳು.

ಹೊರಗಿನಿಂದ ವಯಸ್ಸಾದ ಹೆಣ್ಣುದನಿಯೊಂದು ಕೇಳಿಸಿತು. "ಹೆದರಬೇಡಮ್ಮ, ನಾನಿದ್ದೀನಿ."

ಮುಂಬಾಗಿಲು ತಟ್ಟನೆ ತೆರೆಯಿತು!

ಒಳಬಂದ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಸ್ಟೋರ್ ರೂಮಿನ ಚಿಲಕ ತೆಗೆದು, ಜರಡಿ ಸರಿಸಿ, ನನ್ನ ಮುಖ ನೋಡಿದರು. ಹೆಂಡತಿ ನನ್ನನ್ನು ನೋಡಲೂ ಇಲ್ಲ.

"ಆ ಮಾತು ನಿಮಗೆ ಯಾರು ಹೇಳಿಕೊಟ್ರು?" ಎಂದು ಅವರನ್ನೇ ಕೇಳಿದಳು.

"ಯಾರೂ ಇಲ್ಲಮ್ಮ. ಹೋದಲ್ಲೆಲ್ಲ ನಾವು ಮೊದಲು ಹೇಳೋದೇ ಅದು. ಪೊಲೀಸಿಂಗ್ ಅಂದ್ರೆ ಮತ್ತಿನ್ನೇನು?"

ಆಗ ಅವಳು ನನ್ನ ಕಡೆ ತಿರುಗಿದಳು.

"ನಿಮ್ಮ ಬಾಯಿಂದ ದಿನಕ್ಕೊಂದು ಸಲ ಅದನ್ನ ಕೇಳೋಣ ಅಂತಾನೇ ಆರಿಸಿದ್ದೆ ಕಣ್ರೀ. ನೀವು ಬೀನ್ಸ್ ಅಂದ್ರಿ!"