ಲೀಡ್ಸ್‌ನಿಂದ ಮನೆಗೆ, ಹೀಟರ್ ಹಾಕಿಕೊಂಡು

ಕೆಲವರ ಮನೆಗೆ ಕಾರು ಸುಮ್ಮನೆ ಬರುತ್ತದೆ. ನಮ್ಮ ಮನೆಗೆ ಒಂದು ಸೂಜಿ ಬಂದರೂ ಅದರ ಹಿಂದೆ ದಾರದ ಹಾಗೆ ಒಂದು ಕಥೆ ಬರುತ್ತದೆ. ಅದರಲ್ಲೂ ಯಾರಾದರೂ ನನಗೆ "ಬೇಡ" ಅಂದರೋ, ಕಥೆ ಒಂದಕ್ಕೆ ನಿಲ್ಲುವುದಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ. ನಾವಿದ್ದದ್ದು ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ನಾನು ಬರ್ಮಿಂಗ್‌ಹ್ಯಾಮ್‌ನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ನಮ್ಮ ಯಜಮಾನರು ಬರ್ಚ್‌ವುಡ್‌ನಲ್ಲಿ ಇಂಜಿನಿಯರು. ಸೋಮವಾರ ಹೋದರೆ ಶುಕ್ರವಾರ ಸಂಜೆಯೇ ಬರುತ್ತಿದ್ದದ್ದು. ಮನೆಯಲ್ಲಿದ್ದ ಒಂದೇ ಒಂದು ಕಾರೂ ಅವರ ಜೊತೆಗೇ ಹೋಗುತ್ತಿತ್ತು. ಆಸ್ಪತ್ರೆಯ ಪಾಳಿಪಟ್ಟಿಯಲ್ಲಿ ನನಗೆ ಬೆಳಗಿನ ಏಳು ಗಂಟೆ ಡ್ಯೂಟಿ ಬಿದ್ದರೆ ಎರಡು ಬಸ್ಸು ಬದಲಾಯಿಸಬೇಕು, ಎರಡನೆಯದು ಬಂದರೆ ಬಂತು. ನಾಲ್ಕನೇ ಸಲಕ್ಕೆ ಡ್ರೈವಿಂಗ್ ಟೆಸ್ಟ್ ಪಾಸಾದ ವಾರ, ನಮ್ಮ ವಾರ್ಡಿನ ನರ್ಸ್ ತನ್ನ ಪರಿಚಯದ ಮುದುಕರೊಬ್ಬರು ಹದಿನಾಲ್ಕು ವರ್ಷದ ಕಾರು ಮಾರುತ್ತಿದ್ದಾರೆ ಅಂದಳು. ಕಾರು ಇದ್ದದ್ದು ಲೀಡ್ಸ್‌ನಿಂದಾಚೆ ಒಂದು ಹಳ್ಳಿಯಲ್ಲಿ. "ಇದೇ ಸರಿ" ಅಂದುಬಿಟ್ಟೆ.

ಹದಿನೇಳು ಕಾರಣಗಳು

ನಮ್ಮ ಯಜಮಾನರ ಕೆಲಸವೇ ಯಾವ ಯಂತ್ರ ಎಲ್ಲೆಲ್ಲಿ ಕೈಕೊಡಬಹುದು ಅಂತ ಮುಂಚೆಯೇ ವರದಿ ಬರೆಯುವುದು. ಭಾನುವಾರ ಊಟವಾದ ಮೇಲೆ ಕಾಗದ ಪೆನ್ನು ತೆಗೆದುಕೊಂಡು ಕೂತರು. ಕಾಫಿ ಆರುವಷ್ಟರಲ್ಲಿ ಪಟ್ಟಿ ತಯಾರು. ಆ ಕಾರು ಬೇಡ ಅನ್ನಲು ರೇಡಿಯೇಟರ್, ಬ್ರೇಕು, ತುಕ್ಕು ಹೀಗೆ ಹದಿನೇಳು ಕಾರಣ. ಹದಿನೇಳನೆಯದು "ಓಡಿಸುವವರ ಅನುಭವ."

"ಅವಸರ ಬೇಡ. ಮುಂದಿನ ತಿಂಗಳು ನಾನೇ ಬಂದು ನೋಡ್ತೀನಿ. ಬೇಕಾದರೆ ಲಾರಿ ಮೇಲೆ ಹಾಕಿಸಿಕೊಂಡು ಬರೋಣ" ಅಂದರು.

"ಶುಕ್ರವಾರ ನನಗೆ ರಜಾ. ಸಂಜೆ ನೀವು ಬರೋ ಹೊತ್ತಿಗೆ ಅದು ಮನೆ ಮುಂದೆ ನಿಂತಿರುತ್ತೆ. ನಾನೇ ಓಡಿಸಿಕೊಂಡು ಬಂದಿರ್ತೀನಿ" ಅಂದೆ.

ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಎದ್ದು ಬಂದರು. ಮಗನ ಕೈಯಿಂದ ಪಟ್ಟಿ ತೆಗೆದುಕೊಂಡು, ಕನ್ನಡಕ ಏರಿಸಿ, ಮೇಲಿಂದ ಕೆಳಗೆ ಓದಿದರು.

"ಇವಳಪ್ಪ ಹೆಣ್ಣು ಕೊಡೋವಾಗ ಇಂಥದ್ದೊಂದು ಪಟ್ಟಿ ಹಾಕಿದ್ದರೆ ನೀನು ಇವತ್ತಿಗೂ ಬ್ರಹ್ಮಚಾರಿ ಕಣೋ" ಅಂದು ಮಡಚಿ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಶುಕ್ರವಾರ ಎಷ್ಟು ಗಂಟೆಗೆ ಟ್ರೇನು?" ಅಂದರು.

ಅವಳು ಸ್ವಲ್ಪ ಹೊಗೆ ಬಿಡುತ್ತಾಳೆ

ಕಾರಿನ ಯಜಮಾನರು ರಿಟೈರಾದ ಮೇಷ್ಟ್ರು. ಕಾರು ತೊಳೆದು, ಮಗಳನ್ನು ಗಂಡಿನ ಕಡೆಯವರಿಗೆ ತೋರಿಸುವ ಹಾಗೆ ಅಂಗಳದಲ್ಲಿ ನಿಲ್ಲಿಸಿದ್ದರು. ಅಲ್ಲಿಯ ಹಲವರಂತೆ ಅವರೂ ಕಾರನ್ನು "ಶಿ", ಅಂದರೆ "ಅವಳು" ಅಂತಲೇ ಕರೆಯುತ್ತಿದ್ದರು. ಹೆಸರು ಹೇಳುತ್ತಿರಲಿಲ್ಲ, ಕೈ ತೋರಿಸುತ್ತಲೂ ಇರಲಿಲ್ಲ.

"ಅವಳಿಗೆ ವಯಸ್ಸಾಯಿತು. ಬೆಳಿಗ್ಗೆ ಅವಸರ ಮಾಡಬೇಡಿ, ಸ್ವಲ್ಪ ಕೆಮ್ಮುತ್ತಾಳೆ. ಚಳಿಗಾಲದಲ್ಲಿ ಸ್ವಲ್ಪ ಹೊಗೆ ಬಿಡುತ್ತಾಳೆ. ಆದರೆ ಒಂದು ದಿನವೂ ನನ್ನ ಕೈಬಿಟ್ಟವಳಲ್ಲ."

ಅತ್ತೆಗೆ ಇಂಗ್ಲಿಷು ಬರುತ್ತಿತ್ತು, ಆದರೆ ಆ ಯಾರ್ಕ್‌ಷೈರ್ ಉಚ್ಚಾರಣೆಯಲ್ಲಿ ಅರ್ಧ ಮಾತ್ರ ತಿಳಿಯಿತು. ನಾನು ಬಾನೆಟ್ಟಿನೊಳಗೆ ತಲೆ ಹಾಕಿ ಎಲ್ಲ ಅರ್ಥವಾದವಳಂತೆ ನೋಡುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಟ್ರೇಯಲ್ಲಿ ಟೀ ತಂದಿಟ್ಟರು. ಅತ್ತೆ ಎದ್ದು ಹೋಗಿ ಆಕೆಯ ಕೈ ಹಿಡಿದುಕೊಂಡರು.

"ಈ ವಯಸ್ಸಿನಲ್ಲಿ ಸಿಗರೇಟು ಬೇಡಮ್ಮ. ಕೆಮ್ಮು ಅದರಿಂದಲೇ. ನನ್ನ ಸೊಸೆ ಡಾಕ್ಟರು, ಬೇಕಾದರೆ ಕೇಳಿ" ಅಂತ ಇಂಗ್ಲಿಷಿನಲ್ಲೇ ಹೇಳಿದರು.

ಆ ಹೆಂಗಸಿನ ಮುಖ ಬಿಳಚಿಕೊಂಡಿತು. ಗಂಡನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಅಂದರೆ, ಶೆಡ್ಡಿನ ಹಿಂದೆ ನಾನು ಸೇದೋದು ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ನಾವು ದುಡ್ಡು ಕೊಟ್ಟು, ಕೀಲಿ ತೆಗೆದುಕೊಂಡು, ಟೀ ಮುಗಿಸದೆಯೇ ಕಾರು ಹತ್ತಿ ಹೊರಟೆವು.

ಜೂನ್ ತಿಂಗಳ ಹೀಟರು

ಮೋಟರ್‌ವೇ ಅನ್ನುವ ಹೆದ್ದಾರಿಗೆ ಸೇರುವ ಇಳಿಜಾರಿನ ತುದಿಯಲ್ಲಿ ನನ್ನ ಧೈರ್ಯ ಉಡುಗಿತು. ಬಲಗಡೆ ಲಾರಿಗಳು ಸಾಲಾಗಿ ಗೋಡೆಯ ಹಾಗೆ ಬರುತ್ತಿದ್ದವು.

"ಅತ್ತೆ, ಯಾರೂ ಜಾಗ ಬಿಡ್ತಿಲ್ಲ."

"ಜಾಗ ಯಾರು ಬಿಡ್ತಾರೆ? ಹಿಡಿಯಬೇಕು. ಸಿಟಿ ಬಸ್ಸಿನಲ್ಲಿ ಸೀಟು ಹಿಡಿಯೋ ಹಾಗೆ ನುಗ್ಗು!"

ನುಗ್ಗಿದೆ. ಹಿಂದಿನ ಲಾರಿಯವನು ಹಾರ್ನ್ ಒತ್ತಿದ. ನಾನೂ ಒತ್ತಿದೆ. ನನ್ನ ಹಾರ್ನ್ ಮೇಕೆ ಅರಚಿದಂತೆ ಕೇಳಿತು. ಆದರೂ ಒತ್ತಿದೆ.

ಶೆಫೀಲ್ಡ್ ಹತ್ತಿರ ಏರು ಬಂದಾಗ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿನ ಕಡೆ ಏರತೊಡಗಿತು. ಹಾಗಾದರೆ ಏನು ಮಾಡಬೇಕು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಹೀಟರನ್ನು ಪೂರ್ತಿ ಹಾಕಿದರೆ ಇಂಜಿನ್ನಿನ ಬಿಸಿ ಕಾರಿನೊಳಗೆ ಬರುತ್ತದೆ, ಇಂಜಿನ್ನು ತಣ್ಣಗಾಗುತ್ತದೆ. ಹಾಕಿದೆ. ಹೊರಗೆ ಜೂನ್ ತಿಂಗಳ ಸುಡುಬಿಸಿಲು, ಒಳಗೆ ಹಪ್ಪಳ ಸುಡಬಹುದಾದಂಥ ಗಾಳಿ. ಕಿಟಕಿ ಇಳಿಸಿದರೆ ಅತ್ತೆಯ ಸೆರಗು ಬಾವುಟದ ಹಾಗೆ ಹಾರಿತು. ಬೆವರು ನನ್ನ ಕಣ್ಣಿಗಿಳಿಯುತ್ತಿತ್ತು. ಮುಳ್ಳು ಮಾತ್ರ ನಿಧಾನವಾಗಿ ಕೆಳಗೆ ಬಂತು.

ಆಗಲೇ ನನ್ನ ಮೊಬೈಲಿಗೆ ಬರ್ಚ್‌ವುಡ್‌ನಿಂದ ಫೋನು. ಅತ್ತೆ ಎತ್ತಿಕೊಂಡರು. "ಅಮ್ಮ, ಕಾರು ಕೆಟ್ಟಿದೆಯಾ? ನಿಜ ಹೇಳು, ಬಂದು ಕರ್ಕೊಂಡು ಹೋಗ್ತೀನಿ" ಅಂತ ಮಗ ಕೂಗುವುದು ನನಗೂ ಕೇಳಿಸಿತು.

ಅತ್ತೆ ಸೆರಗಿನಿಂದ ಕತ್ತು ಒರೆಸಿಕೊಂಡು ಹೇಳಿದರು: "ಕಾರು ಬಹಳ ಚೆನ್ನಾಗಿದೆಯಪ್ಪ. ನಿಮ್ಮ ದೇಶಕ್ಕೆ ಬಂದು ಮೂರು ತಿಂಗಳಾಯಿತು. ನನಗೆ ಮೈ ಬೆಚ್ಚಗಾಗಿದ್ದು ಇವತ್ತೇ."

ಎಂಟು ಜನ ಸಿಸ್ಟರ್‌ಗಳು

ನಾಟಿಂಗ್‌ಹ್ಯಾಮ್ ದಾಟುವ ಮುಂಚೆ, ಮೋಟರ್‌ವೇ ಪಕ್ಕದ ಸರ್ವಿಸಸ್‌ನಲ್ಲಿ, ಅಂದರೆ ಪ್ರಯಾಣಿಕರು ಊಟತಿಂಡಿಗೆ ನಿಲ್ಲಿಸುವ ಜಾಗದಲ್ಲಿ, ನೀರು ಕುಡಿಯಲು ನಿಂತೆವು. ಹಾಡುಹಗಲಲ್ಲಿ ಹೆಡ್‌ಲೈಟ್ ಹಾಕಿಕೊಂಡು ಬಂದಿದ್ದೆ, ಆರಿಸುವುದನ್ನು ಮರೆತೆ. ಮುಕ್ಕಾಲು ಗಂಟೆ ಬಿಟ್ಟು ಬಂದು ಕೀಲಿ ತಿರುಗಿಸಿದರೆ ಬರೀ 'ಟಿಕ್.' ಬ್ಯಾಟರಿ ಸತ್ತಿತ್ತು.

"ತಳ್ಳಿದರೆ ಆಗುತ್ತೆ. ನಿಮ್ಮ ಮಾವನವರ ಕಾರು ವರ್ಷಗಟ್ಟಲೆ ಹೀಗೇ ಸ್ಟಾರ್ಟ್ ಆಗಿದ್ದು" ಅಂದರು ಅತ್ತೆ.

ಪಕ್ಕದ ಕಾರಿನಿಂದ ಒಬ್ಬರು ಬಂದರು. ತಳ್ಳುತ್ತೀರಾ ಅಂತ ಕೇಳಿದರೆ ಬಾನೆಟ್ ಎತ್ತಿ, ಆಲ್ಟರ್ನೇಟರ್ ಬಗ್ಗೆ ಹೇಳತೊಡಗಿದರು. ಇನ್ನೊಬ್ಬರು ಬಂದು, ಅಲ್ಲ, ಅದು ಸ್ಟಾರ್ಟರ್ ಅಂದರು. ಇಬ್ಬರಿಗೂ ವಾದ ಹತ್ತಿಕೊಂಡಿತು. ಕೊನೆಗೆ ಒಂದು ವಿಷಯದಲ್ಲಿ ಇಬ್ಬರೂ ಒಪ್ಪಿದರು: ಇಂಥ ಕಾರನ್ನು ನಾನು ಕೊಳ್ಳಬಾರದಿತ್ತು. ಕೈ ಒರೆಸಿಕೊಂಡು ಹೊರಟುಹೋದರು. ನನಗೆ ಅಳು ಬರುವ ಹಾಗಾಯಿತು. ಗಂಟೆ ನಾಲ್ಕಾಗಿತ್ತು. ಯಜಮಾನರು ಆಫೀಸು ಬಿಡುವ ಹೊತ್ತು.

ಅಷ್ಟರಲ್ಲಿ ಒಂದು ಮಿನಿಬಸ್ಸು ಬಂದು ನಿಂತಿತು. ಬಾಗಿಲು ತೆರೆದು ಎಂಟು ಜನ ಕ್ರೈಸ್ತ ಸನ್ಯಾಸಿನಿಯರು ಇಳಿದರು. ಕಪ್ಪು ನಿಲುವಂಗಿ, ತಲೆಗೆ ಬಿಳಿ ಪಟ್ಟಿ, ಕೊರಳಲ್ಲಿ ಶಿಲುಬೆ. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅಲ್ಲಿಯ ಪದ್ಧತಿಯಂತೆ ಮದುವೆಗೆ ಮುಂಚೆ ಮದುಮಗನನ್ನು ಕರೆದುಕೊಂಡು ಕುಡಿಯಲು ಹೊರಟ ಸ್ನೇಹಿತರ ವೇಷ. ಒಬ್ಬನಿಗೆ ಎದೆಯುದ್ದ ಗಡ್ಡ. ಇನ್ನೊಬ್ಬನ ಕೈಯಲ್ಲಿ ಬಿಯರ್ ಕ್ಯಾನು. ನಾನು ಬೇಡ ಅನ್ನುವಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರೆದುರು ಹೋಗಿ ನಿಂತಿದ್ದರು.

"ಸಿಸ್ಟರ್ಸ್! ಪುಶ್!"

ಎಂಟೂ ಜನ ಬೆಚ್ಚಿಬಿದ್ದರು. ಬಿಯರ್ ಕ್ಯಾನು ನಿಲುವಂಗಿಯೊಳಗೆ ಮಾಯವಾಯಿತು. ಗಡ್ಡದವನು "ಯೆಸ್ ಮೇಡಂ" ಅಂದ. ತಲೆ ತಗ್ಗಿಸಿ, ಸಾಲಾಗಿ ಬಂದು ಕಾರಿನ ಹಿಂದೆ ನಿಂತು ತಳ್ಳಿದರು. ನಾನು ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟೆ. ಕಾರು ಕೆಮ್ಮಿತು, ಜಿಗಿಯಿತು, ಹೊರಟೇಬಿಟ್ಟಿತು.

ನಿಲ್ಲಿಸಿದರೆ ಮತ್ತೆ ಆರಿಹೋಗುವ ಭಯ. ಪಾರ್ಕಿಂಗ್ ಜಾಗವನ್ನೆಲ್ಲ ಒಂದು ಸುತ್ತು ಹಾಕಿ ಬಂದು, ಬಾಗಿಲು ತೆರೆದು, "ಅತ್ತೆ, ಹತ್ತಿಬಿಡಿ!" ಅಂತ ಕೂಗಿದೆ. ಅರವತ್ತೆಂಟು ವಯಸ್ಸಿನ ಅತ್ತೆ ನಾಲ್ಕು ಹೆಜ್ಜೆ ಓಡಿ, ಬಾಗಿಲು ಹಿಡಿದು ಒಳಗೆ ಹಾರಿ ಕೂತರು. ಎಂಟು ಸನ್ಯಾಸಿನಿಯರೂ ಶಿಳ್ಳೆ ಹಾಕಿದರು.

ಸಂಜೆ ಯಜಮಾನರು ಬಂದಾಗ ನನ್ನ ಕಾರು ಮನೆ ಮುಂದಿನ ಜಾಗದಲ್ಲಿ ನಿಂತಿತ್ತು. ಅವರ ಕಾರನ್ನು ಬೀದಿಯಲ್ಲಿ ನಿಲ್ಲಿಸಬೇಕಾಯಿತು. ನಾಲ್ಕು ಚಕ್ರವನ್ನೂ ಸುತ್ತಿ ನೋಡಿ ಒಳಗೆ ಹೋದರು.

ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಅತ್ತೆಯ ಕಿವಿಯಲ್ಲಿ ಮೆಲ್ಲಗೆ ಹೇಳಿದೆ: "ಅತ್ತೆ, ಬೇಜಾರು ಮಾಡ್ಕೋಬೇಡಿ. ಅವರು ಸಿಸ್ಟರ್‌ಗಳಲ್ಲ. ಗಂಡಸರು."

ಅತ್ತೆ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದರು.

"ಎದೆಯುದ್ದ ಗಡ್ಡ ನನಗೆ ಕಾಣಲ್ವೇನೇ? ಗಂಡಸರು ಅಂತ ಕರೆದಿದ್ದರೆ ಅವರೂ ಬಾನೆಟ್ ಎತ್ತಿ ಭಾಷಣ ಶುರು ಮಾಡೋರು. ಸಿಸ್ಟರ್ಸ್ ಅಂದೆ, ಬಾಯಿ ಮುಚ್ಕೊಂಡು ತಳ್ಳಿದರು."