ಅಕ್ಕಿಯಿಲ್ಲದ ವರ್ಷ, ಅಕ್ಕಿಯ ಹೆಸರುಗಳು

ಅಂಗಡಿಯಲ್ಲಿ ಕೂತವನಿಗೆ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಸರಕು ಇಲ್ಲದಿದ್ದರೆ ಎರಡು. ಅರುವತ್ತರ ದಶಕದಲ್ಲೊಂದು ವರ್ಷ ಅಕ್ಕಿಗೆ ತತ್ವಾರ ಬಂತು, ರೇಶನಿನಲ್ಲಿ ಗೋಧಿಯೇ ಗತಿ. ಬಂದರಿನ ನನ್ನ ಅಕ್ಕಿ ಅಂಗಡಿಯಲ್ಲಿ ಉಳಿದದ್ದು ಖಾಲಿ ಗೋಣಿಗಳು, ಮತ್ತೆ ಅಕ್ಕಿಯ ಹೆಸರು ಬರೆಸಿದ ಒಂದು ಹಲಗೆ.

ಮಾಸ್ಟ್ರು

ಕಾವೂರಿನ ಒಬ್ಬರು ನಿವೃತ್ತ ಮಾಸ್ಟ್ರು ಬಂದು ಹಲಗೆಯ ಮುಂದೆ ನಿಂತರು.

"ಕಯಮೆ ಉಂಟಾ?"

"ಇಲ್ಲ ಮಾಸ್ಟ್ರೇ."

"ಜೀರಿಗೆಸಾಲೆ? ಗಂಧಸಾಲೆ?"

"ಒಂದೂ ಇಲ್ಲ. ಈ ಹಲಗೆಯನ್ನೇ ತೆಗೆದುಬಿಡ್ತೇನೆ."

"ಬೇಡ ಮಾರಾಯ. ಮನೆಯಲ್ಲಿ ಚಪಾತಿ ಮಾಡಿದ್ದಾರೆ. ಇಷ್ಟು ಓದಿಕೊಂಡು ಹೋದರೆ ಹೇಗಾದರೂ ಗಂಟಲಲ್ಲಿ ಇಳೀತದೆ."

ಪಕ್ಕದ ಅಂಗಡಿ

ಪಕ್ಕದ ಜವಳಿ ಅಂಗಡಿಯ ಯಜಮಾನರಾದ ಬ್ಯಾರಿಗಳು ಇದನ್ನು ಕೇಳಿಸಿಕೊಂಡಿದ್ದರು. "ಇಲ್ಲ ಇಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಎಂತಕ್ಕೆ ಹೇಳ್ತೀರಿ ಮಾರಾಯ್ರೇ? ಹೆಸರಿನ ಜೊತೆ ಎರಡು ಒಳ್ಳೆ ಮಾತು ಸೇರಿಸಿ. ಗಿರಾಕಿ ಸಮಾಧಾನದಲ್ಲಿ ಹೋಗ್ತಾರೆ."

ಖರ್ಚಿಲ್ಲದ ಉಪಾಯ. ಮುಂದೆ ಬಂದ ಗಿರಾಕಿಗೆ ಗಂಧಸಾಲೆಯನ್ನು ವರ್ಣಿಸಿದೆ: ಅನ್ನದ ಪರಿಮಳ ಗೇಟಿನವರೆಗೆ, ಅಗುಳು ಮಲ್ಲಿಗೆ ಮೊಗ್ಗಿನ ಹಾಗೆ, ಮೇಲೆ ಬಿಸಿ ಸಾರು. ಗಿರಾಕಿ ನಗುತ್ತಾ ಹೋದರು. ಬ್ಯಾರಿಗಳು ತಮ್ಮ ಅಂಗಡಿ ಬಿಟ್ಟು ನನ್ನ ಬಾಗಿಲಲ್ಲಿ ನಿಂತಿದ್ದರು.

"ಇನ್ನು ನಿಲ್ಲಿಸಿ," ಅಂದರು. "ಹಸಿವಾಗ್ತಾ ಉಂಟು. ಮನೆಗೆ ಹೋದರೆ ಅಲ್ಲಿಯೂ ಗೋಧಿ."

ಭಟ್ರ ತಾಯಿ

ಅತ್ತಾವರದ ಅರ್ಚಕ ಭಟ್ರು ನಮ್ಮ ಹಳೆಯ ಗಿರಾಕಿ. ಒಂದು ದಿನ ಬಾಡಿದ ಮುಖದಲ್ಲಿ ಬಂದರು. "ಅಮ್ಮ ಗೋಧಿ ಗಂಜಿ ಮುಟ್ಟುವುದಿಲ್ಲ. ಈಗ ಎದ್ದು ಕೂರಲಿಕ್ಕೂ ತ್ರಾಣ ಇಲ್ಲ. ಹೀಗೇ ಆದರೆ ಉಳಿಯುವುದು ಕಷ್ಟ ಅಂತಾರೆ ಡಾಕ್ಟ್ರು. ನಿಮ್ಮ ಮಾತು ಕೇಳಿ ಜನ ಚಪಾತಿ ತಿಂತಾರಂತೆ. ಒಮ್ಮೆ ಬನ್ನಿ."

ವ್ಯಾಪಾರ ಹೇಗೂ ಇರಲಿಲ್ಲ. ಹೋದೆ.

ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದರು. ಸೊಸೆ ಗೋಧಿ ಗಂಜಿ ತಂದಳು. ನಾನು ಬಾಗಿಲ ಬಳಿ ಕೂತು, ದೊಡ್ಡ ಗಿರಾಕಿ ಬಂದಾಗ ತೆಗೆಯುವ ಸ್ವರ ತೆಗೆದೆ. "ಅಮ್ಮಾ, ಇದು ರಾಜಕಯಮೆ. ಹೊಸ ಬೆಳೆ. ಬೇಯುವಾಗಲೇ ತುಪ್ಪದ ಪರಿಮಳ."

ಅಮ್ಮ ಈಚೆ ತಿರುಗಿದರು. ಒಂದು ಚಮಚ ಒಳಗೆ ಹೋಯಿತು. ನಾನು ಗದ್ದೆ, ನೀರು, ಕುಟ್ಟಿದ ಒನಕೆ ಎಲ್ಲವನ್ನೂ ಹೊಗಳಿದೆ. ಬಟ್ಟಲು ಖಾಲಿ. ಭಟ್ರು ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡರು.

ನನಗೂ ಸ್ವಲ್ಪ ಜಂಬ ಬಂತು. "ಹೇಗಿತ್ತಮ್ಮಾ ರಾಜಕಯಮೆ?"

"ಗೋಧಿ ಅಂತ ನನಗೆ ಗೊತ್ತಾಗುವುದಿಲ್ಲವಾ ಮಗಾ?" ಅಂದರು ಅಮ್ಮ. "ಆದರೆ ಇಷ್ಟು ವರ್ಷ ನಿನ್ನ ಅಂಗಡಿಯ ಅಕ್ಕಿ ಉಂಡಿದ್ದೇನೆ. ಹೆಸರೊಂದು, ಗೋಣಿಯೊಳಗೆ ಇನ್ನೊಂದು. ನನಗೆ ಅಭ್ಯಾಸ ಉಂಟು. ನಾಳೆ ಬೇರೆ ಅಕ್ಕಿ ತಾ."